‘ಲಂಡನ್ನಿನ ಪತನ’ ಲೇಖನವನ್ನು ಮರಳಿಸುತ್ತ

ಮಾನ್ಯರೇ,

ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ಬಿಟ್ಟ ನಂತರ ಯುರೋಪಿನ ಹಣಕಾಸು ಕೇಂದ್ರಗಳ ನಡುವೆ ನಡೆದ ಪೈಪೋಟಿಯನ್ನು ಕುರಿತ ನಿಮ್ಮ ‘ಲಂಡನ್ನಿನ ಪತನ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಕನ್ನಡದಲ್ಲಿ ಈ ವಿಷಯವನ್ನು ಕೈಗೆತ್ತಿಕೊಳ್ಳುವವರು ವಿರಳವಾದ್ದರಿಂದ, ಕಾರಣಗಳನ್ನು ವಿವರವಾಗಿಯೇ ತಿಳಿಸುತ್ತಿದ್ದೇನೆ.

ಮುಖ್ಯ ದೋಷ ಶೀರ್ಷಿಕೆಯಲ್ಲೇ ಇದೆ. 2016ರ ಜೂನ್ 23ರ ಜನಮತ ಸಂಗ್ರಹದ ಬೆನ್ನಿಗೆ ಲಂಡನ್ನಿನ ವ್ಯವಹಾರವೆಲ್ಲ ಫ್ರಾಂಕ್‌ಫರ್ಟ್‌ಗೆ ಹರಿದುಹೋಯಿತೆಂದು ನೀವು ಬರೆದಿದ್ದೀರಿ. ನಡೆದದ್ದು ಹಾಗಲ್ಲ. ಹಿರಿಯರ ಆಸ್ತಿ ಪಾಲಾದಾಗ ಒಬ್ಬರಿಗೆ ಗದ್ದೆ, ಇನ್ನೊಬ್ಬರಿಗೆ ತೋಟ ಸಿಕ್ಕುವಂತೆ, ಯುರೋಪಿಯನ್ ಕೇಂದ್ರ ಬ್ಯಾಂಕ್ ಇರುವ ಫ್ರಾಂಕ್‌ಫರ್ಟ್‌ಗೆ ಬ್ಯಾಂಕುಗಳ ಆಸ್ತಿಪಾಸ್ತಿಯ ದೊಡ್ಡ ಭಾಗವೂ ಪ್ಯಾರಿಸ್‌ಗೆ ಟ್ರೇಡಿಂಗ್ ವಿಭಾಗಗಳೂ ಡಬ್ಲಿನ್ ಮತ್ತು ಲಕ್ಸೆಂಬರ್ಗ್‌ಗಳಿಗೆ ನಿಧಿ ನಿರ್ವಹಣೆಯೂ ಹೋದವು. ದೊಡ್ಡ ಮನೆ ಮಾತ್ರ ಹಳೆಯ ಯಜಮಾನನ ಕೈಯಲ್ಲೇ ಉಳಿಯಿತು: 2022ರಲ್ಲಿಯೂ ಜಗತ್ತಿನ ವಿದೇಶಿ ವಿನಿಮಯ ವಹಿವಾಟಿನ ಶೇ. 38ರಷ್ಟು ನಡೆಯುತ್ತಿದ್ದುದು ಬ್ರಿಟನ್ನಿನಲ್ಲಿ. 75,000 ಉದ್ಯೋಗಗಳು ಹೋದವೆಂಬ ನಿಮ್ಮ ಅಂಕಿ 2016ರ ಒಂದು ಅಂದಾಜು. 2022ರ ಹೊತ್ತಿಗೆ ಸಲಹಾ ಸಂಸ್ಥೆಯೊಂದು ಎಣಿಸಿದ್ದು ಸುಮಾರು 7,000. ಅಂದಾಜನ್ನು ಘಟನೆಯೆಂದು ಬರೆಯುವುದನ್ನು ನಾನು ಒಪ್ಪಲಾರೆ.

ಒಕ್ಕೂಟದ ಬ್ಯಾಂಕುಗಳಿಗೆ ನಿಯಮ ರೂಪಿಸುವ, ಬ್ರೆಕ್ಸಿಟ್‌ನಿಂದಾಗಿ ಲಂಡನ್ ಬಿಡಬೇಕಾಗಿ ಬಂದ ಯುರೋಪಿಯನ್ ಬ್ಯಾಂಕಿಂಗ್ ಪ್ರಾಧಿಕಾರವನ್ನು ಪ್ಯಾರಿಸ್ ತನ್ನ ಚಾಣಾಕ್ಷ ನೀತಿಯಿಂದ ಗೆದ್ದಿತೆನ್ನುವ ನಿಮ್ಮ ಮಾತೂ ನಿಲ್ಲುವುದಿಲ್ಲ. 2017ರ ನವೆಂಬರ್ 20ರಂದು ಪ್ಯಾರಿಸ್ ಮತ್ತು ಡಬ್ಲಿನ್ ಸಮ ಮತ ಪಡೆದಾಗ ಚೀಟಿ ಎತ್ತಿ ತೀರ್ಮಾನಿಸಲಾಯಿತು.

ನೀವು ಅರ್ಧ ಸಾಲಿನಲ್ಲಿ ದಾಟಿಹೋದ ಆಂಸ್ಟರ್‌ಡ್ಯಾಮ್ ನಿಜಕ್ಕೂ ಈ ಲೇಖನದ ನಡುಮನೆಯಾಗಬೇಕಿತ್ತು. 2021ರ ಜನವರಿ 4, ಬ್ರಿಟನ್ ಹೊರಬಂದ ಮೇಲೂ ಹಳೆಯ ನಿಯಮಗಳೇ ನಡೆದ ಪರಿವರ್ತನಾ ಅವಧಿ ಮುಗಿದ ಮೇಲಿನ ಮೊದಲ ವಹಿವಾಟಿನ ದಿನ. ಲಂಡನ್ನಿನ ಷೇರು ವೇದಿಕೆಗಳಿಗೆ ಯುರೋಪಿಯನ್ ಒಕ್ಕೂಟವು ‘ಸಮಾನತೆ’ಯ, ಅಂದರೆ ಅಲ್ಲಿನ ನಿಯಮಗಳು ತನ್ನವಕ್ಕೆ ಸಮವೆಂಬ ಮಾನ್ಯತೆ ಕೊಡದಿದ್ದುದರಿಂದ, ಒಕ್ಕೂಟದ ಕಂಪನಿಗಳ ಷೇರುಗಳ ವಹಿವಾಟಿನ ಬಹುಪಾಲು ಆ ಒಂದೇ ದಿನದಲ್ಲಿ ಊರು ಬಿಟ್ಟಿತು. ಆ ತಿಂಗಳು ದಿನವೊಂದಕ್ಕೆ ಸರಾಸರಿ ಆಂಸ್ಟರ್‌ಡ್ಯಾಮ್‌ನಲ್ಲಿ 920 ಕೋಟಿ ಯೂರೊ, ಲಂಡನ್ನಿನಲ್ಲಿ 860 ಕೋಟಿ ಯೂರೊ ಮೌಲ್ಯದ ಷೇರುಗಳು ಕೈಬದಲಾದವು. ಲಂಡನ್ನಿನ ವೇದಿಕೆಗಳು ಆಂಸ್ಟರ್‌ಡ್ಯಾಮ್‌ನಲ್ಲಿ ಮೊದಲೇ ಶಾಖೆ ತೆರೆದಿಟ್ಟಿದ್ದವು, ಆದರೆ ಉದ್ಯೋಗಿಗಳು ಅಷ್ಟಾಗಿ ಹೋಗಲಿಲ್ಲ. ವಹಿವಾಟು ಹೋಗುವುದಕ್ಕೂ ಉದ್ಯೋಗ ಹೋಗುವುದಕ್ಕೂ ಇರುವ ಈ ಅಂತರವನ್ನು ಓದುಗರಿಗೆ ಕಾಣಿಸಿದ್ದರೆ ನಿಮ್ಮ ವಾದಕ್ಕೆ ಬೇರೆಯದೇ ಬಲ ಬರುತ್ತಿತ್ತು. ಯೂರೊ ಬಡ್ಡಿ ಒಪ್ಪಂದಗಳ ಕ್ಲಿಯರಿಂಗ್, ಅಂದರೆ ಇಬ್ಬರ ನಡುವೆ ನಿಂತು ಒಪ್ಪಂದ ಈಡೇರುವಂತೆ ನೋಡಿಕೊಳ್ಳುವ ಕೆಲಸ, ಇದಕ್ಕೆ ತದ್ವಿರುದ್ಧ: ಏಕಾಏಕಿ ಎಳೆದುಕೊಂಡರೆ ತನ್ನ ಬ್ಯಾಂಕುಗಳಿಗೇ ಅಪಾಯವೆಂದು ಅರಿತ ಒಕ್ಕೂಟ, ಲಂಡನ್ನಿಗೆ ಕೊಟ್ಟ ತಾತ್ಕಾಲಿಕ ಅನುಮತಿಯನ್ನು ಮತ್ತೆ ಮತ್ತೆ ವಿಸ್ತರಿಸುತ್ತ ಬಂದಿದೆ.

ಭಾಷೆಯ ವಿಷಯ. ‘ಪಾಸ್‌ಪೋರ್ಟ್ ಹಕ್ಕು’ ಎಂಬ ಮಾತು ಹನ್ನೊಂದು ಕಡೆ ಬರುತ್ತದೆ, ಒಂದು ಕಡೆಯೂ ವಿವರಣೆಯಿಲ್ಲ. ಒಂದು ಸದಸ್ಯ ದೇಶದಲ್ಲಿ ಪಡೆದ ಪರವಾನಗಿ ಒಕ್ಕೂಟದಾದ್ಯಂತ ನಡೆಯುತ್ತದೆಂಬ ಈ ಏರ್ಪಾಡು ಲಂಡನ್ನಿಗೆ ಇಲ್ಲವಾದದ್ದೇ ಈ ಇಡೀ ಪಾಲುಪಟ್ಟಿಗೆ ಕಾರಣ. ಅದು ತಿಳಿಯದ ಓದುಗರು ಪ್ರಯಾಣದ ಪುಸ್ತಕವನ್ನು ನೆನೆದುಕೊಂಡೇ ಕೊನೆಯವರೆಗೆ ಓದುತ್ತಾರೆ.

ಎಂಟನೆಯ ಪುಟದಲ್ಲಿ, ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಲಂಡನ್ ಬ್ಯಾಂಕೊಂದರ ಗ್ರಾಹಕರ ಕರಾರುಗಳನ್ನು ತಿಂಗಳುಗಟ್ಟಲೆ ಯುರೋಪಿನ ಹೊಸ ಅಂಗಸಂಸ್ಥೆಯ ಹೆಸರಿಗೆ ಬದಲಾಯಿಸಿದ್ದಾಗಿ ಮೂರು ವಾಕ್ಯ ಬರೆದಿದ್ದೀರಿ. ಓದುತ್ತ ನಾನು ಎದ್ದು ಕೂತದ್ದು ಅಲ್ಲಿ. ಒಂದು ನಗರದ ವ್ಯವಹಾರ ಇನ್ನೊಂದಕ್ಕೆ ಹೋಗುವುದೆಂದರೆ ಕಾಗದದ ಮೇಲೆ ಏನೆಂದು ನೀವು ಕೈಯಾರೆ ಬಲ್ಲಿರಿ. ಬ್ಯಾಂಕಿನ, ಗ್ರಾಹಕರ ಗುಟ್ಟು ಬಿಟ್ಟುಕೊಡದೆ, ಒಂದು ಕರಾರು ಮೊದಲಿನಿಂದ ಕೊನೆಯವರೆಗೆ ಹೇಗೆ ಬದಲಾಯಿತು, ಯಾರ ಒಪ್ಪಿಗೆ ಬೇಕಾಯಿತು, ಎಲ್ಲಿ ತಡವಾಯಿತು ಎಂಬುದನ್ನು ಬರೆಯಿರಿ. ಮೊದಲ ಏಳು ಪುಟಗಳನ್ನು ಎರಡಕ್ಕೆ ಇಳಿಸಿ ಇದನ್ನೇ ಆರಂಭಕ್ಕೆ ತನ್ನಿ. ಅದನ್ನು ಓದಲು ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ