ಚಿಂಚೋಳಿ ವನ್ಯಜೀವಿ ಧಾಮದಲ್ಲಿ ಜನ ನೀರಿನ ಅಂಚಿಗೆ ಇಳಿಯಲು ನಮ್ಮ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಮೆಟ್ಟಿಲು ಕಟ್ಟಬಹುದೇ?

ಕಟ್ಟಬಹುದು, ಆದರೆ ಅರಣ್ಯ ಇಲಾಖೆಯ ಕಾಮಗಾರಿಯಾಗಿ ಮಾತ್ರ. ಕಲಬುರಗಿ ಜಿಲ್ಲೆಯ ಈ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಹಾಗಾಗಿ ಇಲ್ಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅದರ 29ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿಯಿಲ್ಲದೆ ಪ್ರಾಣಿಗಳ ನೆಲೆಗೆ ಧಕ್ಕೆ ತರುವಂತಿಲ್ಲ, ನೀರಿನ ಹರಿವನ್ನೂ ಬದಲಿಸುವಂತಿಲ್ಲ. ಪ್ರಾಂಶುಪಾಲರ ಪತ್ರ, ನಕ್ಷೆಗಳೊಂದಿಗೆ ಮೊದಲು ವಲಯ ಅರಣ್ಯಾಧಿಕಾರಿಯನ್ನು ಕಾಣಿರಿ. ದೇಣಿಗೆ ಹುಡುಕುವುದು ಆಮೇಲೆ.

ಜಾಗದ ಆಯ್ಕೆಯಲ್ಲೇ ಅರ್ಧ ಕೆಲಸವಿದೆ. ಚಂದ್ರಂಪಳ್ಳಿ ಜಲಾಶಯದ ದಡದಲ್ಲಾದರೆ ಮಳೆಗಾಲದ ಮತ್ತು ಬೇಸಿಗೆಯ ನೀರಿನ ಮಟ್ಟ ಎರಡನ್ನೂ ಗುರುತಿಸಿಕೊಳ್ಳಿ. ಇಲ್ಲದಿದ್ದರೆ ಮೆಟ್ಟಿಲು ಒಂದೋ ಮುಳುಗುತ್ತದೆ, ಇಲ್ಲವೇ ನೀರಿನಿಂದ ದೂರದಲ್ಲೇ ಮುಗಿಯುತ್ತದೆ. ಪ್ರಾಣಿಗಳು ನೀರಿಗಿಳಿಯುವ ಜಾಡನ್ನು ಬಿಟ್ಟುಬಿಡಿ. ಈಗಾಗಲೇ ಜನ ತುಳಿದು ಸವೆಸಿದ ದಾರಿಯೇ ಸೂಕ್ತ. ಎರೆಭೂಮಿ ಸಿಕ್ಕರೆ ಎಚ್ಚರ: ಅದು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ, ಗಟ್ಟಿ ಮೊರಂ (ಗರಸು ಮಣ್ಣು) ಸಿಗುವವರೆಗೆ ಅಗೆಯಬೇಕು. ನಮ್ಮ ಶಹಾಬಾದ್ ಕಲ್ಲು ಅಗ್ಗ, ಚೆಂದ, ಆದರೆ ಪಾಲಿಶ್ ಮಾಡಿದ ಹಾಸು ಒದ್ದೆಯಾದರೆ ಜಾರುತ್ತದೆ. ಒರಟು ಮೈಯದೇ ಇರಲಿ. ಗಾಲಿಕುರ್ಚಿಯ ಇಳಿಜಾರು ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದವಿರಬೇಕು.

ಕೈಹಿಡಿ ಕಂಬಿಗಳ ವೆಲ್ಡಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲೇ ಮುಗಿಯಲಿ. ಕಾಡಿನಲ್ಲಿ ಬೋಲ್ಟ್ ಬಿಗಿಯುವ ಕೆಲಸವಷ್ಟೇ ಉಳಿದರೆ ಸದ್ದೂ ಕಡಿಮೆ, ಒಣಹುಲ್ಲಿಗೆ ಕಿಡಿ ಬೀಳುವ ಭಯವೂ ಇಲ್ಲ. ವಿನ್ಯಾಸಕ್ಕೆ ಪರವಾನಗಿ ಪಡೆದ ಎಂಜಿನಿಯರರ ಸಹಿ, ವಿದ್ಯಾರ್ಥಿಗಳಿಗೆ ವಿಮೆ ಕಡ್ಡಾಯವೆಂದೇ ತಿಳಿಯಿರಿ. ಮುಂದಿನ ದುರಸ್ತಿ ಯಾರ ಹೊಣೆ ಎಂಬುದನ್ನೂ ಆರಂಭದಲ್ಲೇ ಲಿಖಿತವಾಗಿ ಪಡೆಯಿರಿ.