6 ಮೀಟರ್ ಕೇಬಲ್ ಎಳೆದ ಕೂಡಲೇ ಟ್ಯಾಂಕ್ ಸೆನ್ಸರ್ ಯಾಕೆ ಕೆಡುತ್ತದೆ? ಕೆಪಾಸಿಟಿವ್ ಸೆನ್ಸರ್, ಕೆಪಾಸಿಟಿವ್ ಲೋಡ್ ಎರಡೂ ಒಂದೇನಾ?

ನೀವು ಬರೆದದ್ದು ಇಷ್ಟು. ಟೆರೇಸ್ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ಹೊರಮೈಗೆ 4 ಸೆಂ.ಮೀ. ಅಗಲ, 1 ಮೀಟರ್ ಉದ್ದದ ಎರಡು ಫಾಯಿಲ್ ಪಟ್ಟಿ ಅಂಟಿಸಿದ್ದೀರಿ. ಟ್ಯಾಂಕಿನ ಪಕ್ಕದಲ್ಲೇ ಕೂತು 1 ಮೆಗಾ ಓಮ್ ರೆಸಿಸ್ಟರ್ ಹಾಕಿ ಆರ್ಡುಯಿನೊ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡಿನಲ್ಲಿ ಅಳೆದಾಗ ಖಾಲಿ ಟ್ಯಾಂಕಿಗೂ ತುಂಬಿದ ಟ್ಯಾಂಕಿಗೂ ಐದು ಪಟ್ಟು ವ್ಯತ್ಯಾಸ ಸಿಕ್ಕಿತು. ಅದನ್ನೇ 6 ಮೀಟರ್ ಆರ್‌ಜಿ-58 ಕೇಬಲ್‌ನಲ್ಲಿ (ಒಳಗೊಂದು ತಂತಿ, ಸುತ್ತ ಶೀಲ್ಡ್ ಅನ್ನುವ ಲೋಹದ ಹೆಣಿಗೆ) ಅಡುಗೆಮನೆಗೆ ಇಳಿಸಿದ ಮೇಲೆ ವ್ಯತ್ಯಾಸವೇ ಕಾಣಿಸುತ್ತಿಲ್ಲ. ಶೀಲ್ಡ್‌ಗೆ ಬಫರ್ (ಬಂದ ವೋಲ್ಟೇಜನ್ನೇ ಹಾಗೆಯೇ ಹೊರಗೆ ಕೊಡುವ ಸರ್ಕ್ಯೂಟ್) ಕೊಡಿ ಅಂತ ಯಾರೋ ಹೇಳಿದರು, ಎಲ್‌ಎಂ358 ಅನ್ನುವ ಆಪ್-ಆಂಪ್ (ಆಂಪ್ಲಿಫೈಯರ್ ಐಸಿ) ಹಾಕಿದಿರಿ, ಈಗ ರೀಡಿಂಗ್ ನಿಂತಲ್ಲಿ ನಿಲ್ಲುತ್ತಿಲ್ಲ. ಸೆನ್ಸರ್ ಅಂದರೇನು, ಲೋಡ್ ಅಂದರೇನು, ಎರಡೂ ಒಂದೇನಾ ಅನ್ನುವುದು ನಿಮ್ಮ ಪ್ರಶ್ನೆ.

ಹೌದು, ಎರಡೂ ಒಂದೇ ವಸ್ತು: ಕೆಪಾಸಿಟರ್, ಅಂದರೆ ನಡುವೆ ಇನ್ಸುಲೇಷನ್ ಇಟ್ಟುಕೊಂಡು ಚಾರ್ಜ್ ಹಿಡಿದಿಡುವ ಎರಡು ಲೋಹ. ಅದು ಎಷ್ಟು ಚಾರ್ಜ್ ಹಿಡಿಯಬಲ್ಲದು ಅನ್ನುವುದೇ ಕೆಪಾಸಿಟೆನ್ಸ್. ನಿಮಗೆ ಬೇಕಾದ ಜಾಗದಲ್ಲಿದ್ದರೆ ಸೆನ್ಸರ್ ಅನ್ನುತ್ತೀರಿ, ಬೇಡದ ಜಾಗದಲ್ಲಿದ್ದರೆ ಲೋಡ್ ಅನ್ನುತ್ತೀರಿ. ನಿಮ್ಮ ಸೆಟಪ್‌ನಲ್ಲಿ ಎರಡೂ ಇವೆ, ಅದಕ್ಕೇ ಈ ಪ್ರಶ್ನೆಗೆ ಉದ್ದಕ್ಕೆ ಬರೆಯೋಣ ಅನ್ನಿಸಿತು.

ಮೊದಲು ಪಟ್ಟಿಯ ಲೆಕ್ಕ. ಎರಡು ಪ್ಲೇಟ್ ನಡುವಿನ ವಸ್ತು (ಡೈಎಲೆಕ್ಟ್ರಿಕ್) ಕೆಪಾಸಿಟೆನ್ಸನ್ನು ಎಷ್ಟು ಪಟ್ಟು ಏರಿಸುತ್ತದೆ ಅನ್ನುವುದು ಅದರ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್. ನೀರಿನದು ಸುಮಾರು 80, ಗಾಳಿಯದು 1, ಹಾಗಾಗಿ ನೀರು ಬಂದರೆ ಕೆಪಾಸಿಟೆನ್ಸ್ 80 ಪಟ್ಟು ಏರಬೇಕು ಅಂತ ಓದಿರುತ್ತೀರಿ. ಪಟ್ಟಿ ಹೊರಗಿದ್ದಾಗ ಹಾಗಾಗುವುದಿಲ್ಲ. ನಲ್ಲಿ ನೀರಿನಲ್ಲಿ ಉಪ್ಪಿನಂಶ ಇರುತ್ತದೆ, ಅದು ಕರೆಂಟನ್ನು ಹಾಯಿಸುತ್ತದೆ. ಆದ್ದರಿಂದ ಒಳಗಿನ ನೀರು ಒಂದು ಲೋಹದ ಪ್ಲೇಟ್‌ನಂತೆ ನಡೆದುಕೊಳ್ಳುತ್ತದೆ, ನಿಜವಾದ ಡೈಎಲೆಕ್ಟ್ರಿಕ್ ಅಂದರೆ ಟ್ಯಾಂಕಿನ ಗೋಡೆ. ಗೋಡೆ 5 ಮಿ.ಮೀ. ದಪ್ಪ, ಪಾಲಿಥೀನ್‌ನ ಕಾನ್‌ಸ್ಟಂಟ್ 2.3 ಅಂತ ಹಿಡಿದರೆ ಒಂದೊಂದು ಪಟ್ಟಿಗೂ ನೀರಿಗೂ ನಡುವೆ ಸುಮಾರು 160 ಪಿಕೋಫ್ಯಾರಡ್. ಎರಡು ಪಟ್ಟಿ ನೀರಿನ ಮೂಲಕ ಸೀರೀಸ್‌ನಲ್ಲಿ ಬರುವುದರಿಂದ ಅರ್ಧ, ಅಂದರೆ 80. ಖಾಲಿ ಇದ್ದಾಗ 20, ಅದಕ್ಕೆ ಈ 80 ಸೇರಿ ತುಂಬಿದಾಗ 100 ಅಂತ ನಿಮಗೆ ಸಿಕ್ಕಿದ್ದು ಈ ಲೆಕ್ಕಕ್ಕೆ ಚೆನ್ನಾಗಿ ಕೂರುತ್ತದೆ. ನೀವು ಅಂಟಿಸಿದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ ಒಂದು ಪಿಕೋಫ್ಯಾರಡ್ ಅಂದರೆ ಫ್ಯಾರಡ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಇಷ್ಟು ಸಣ್ಣದನ್ನು ಅಳೆಯಲು ಹೊರಟಾಗ ಅಕ್ಕಪಕ್ಕದ ಪ್ರತಿ ವೈರೂ ಲೆಕ್ಕಕ್ಕೆ ಬರುತ್ತದೆ. ಇನ್ಸುಲೇಷನ್ ನಡುವೆ ಇಟ್ಟುಕೊಂಡು ಅಕ್ಕಪಕ್ಕ ಸಾಗುವ ಯಾವ ಎರಡು ವೈರಾದರೂ ಕೆಪಾಸಿಟರೇ. ಸ್ವಿಚ್ ಆಫ್ ಮಾಡಿದ ಮೇಲೂ ಕೆಲವು ಮನೆಗಳಲ್ಲಿ ಎಲ್‌ಇಡಿ ಬಲ್ಬ್ ಮಂಕಾಗಿ ಮಿಣುಕುತ್ತಿರುವುದನ್ನು ನೋಡಿದ್ದೀರಲ್ಲ? ಗೋಡೆಯೊಳಗಿನ ಪೈಪಿನಲ್ಲಿ ಲೈವ್ ವೈರೂ ಸ್ವಿಚ್‌ನಿಂದ ಬಲ್ಬಿಗೆ ಹೋಗುವ ವೈರೂ ಜೊತೆಯಾಗಿ ಹೋಗುತ್ತವೆ. ಅವುಗಳ ನಡುವಿನ ಕೆಪಾಸಿಟೆನ್ಸ್ ಮೂಲಕ ಸೋರುವ ಒಂದಿಷ್ಟು ಕರೆಂಟೇ ಎಷ್ಟೋ ಸಲ ಇದಕ್ಕೆ ಕಾರಣ.

ಆರ್‌ಜಿ-58 ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ನಿಮ್ಮದು 6 ಮೀಟರ್, ಅಂದರೆ 600. ಇದು ಪಟ್ಟಿಗೆ ಪ್ಯಾರಲಲ್ ಆಗಿ ಕೂಡಿಕೊಳ್ಳುತ್ತದೆ. ಮೊದಲು 1 ಮೆಗಾ ಓಮ್ ಜೊತೆ ಟೈಮ್ ಕಾನ್‌ಸ್ಟಂಟ್ (ಚಾರ್ಜ್ ಆಗಲು ಹಿಡಿಯುವ ಸಮಯದ ಅಳತೆ, ರೆಸಿಸ್ಟೆನ್ಸ್ ಗುಣಿಸು ಕೆಪಾಸಿಟೆನ್ಸ್) 20ರಿಂದ 100 ಮೈಕ್ರೋಸೆಕೆಂಡಿಗೆ ಹೋಗುತ್ತಿತ್ತು. ಈಗ 620ರಿಂದ 700ಕ್ಕೆ. ನೀರು ತಂದ ಬದಲಾವಣೆ ಆಗಲೂ 80, ಈಗಲೂ 80. ಆದರೆ ಐದು ಪಟ್ಟು ಇದ್ದದ್ದು ನೂರಕ್ಕೆ 13ಕ್ಕೆ ಇಳಿಯಿತು. ಮಧ್ಯಾಹ್ನದ ಬಿಸಿಲಿಗೆ ಕೇಬಲ್ ಕಾದರೆ, ಗಾಳಿಗೆ ಅಲುಗಾಡಿದರೆ ಆ 600ರಲ್ಲೇ ಅಷ್ಟಿಷ್ಟು ಏರುಪೇರಾಗುತ್ತದೆ. ಸೆನ್ಸರ್ ಕೆಟ್ಟಿಲ್ಲ, ಕೇಬಲ್ ಅದನ್ನು ಮುಳುಗಿಸಿದೆ.

ಇನ್ನು ನಿಮ್ಮ ಎಲ್‌ಎಂ358. ನಿಮಗೆ ಸಲಹೆ ಕೊಟ್ಟವರು ಸರಿಯಾದದ್ದನ್ನೇ ಹೇಳಿದ್ದಾರೆ. ಒಳಗಿನ ತಂತಿಯಲ್ಲಿ ಎಷ್ಟು ವೋಲ್ಟೇಜ್ ಇದೆಯೋ ಅಷ್ಟನ್ನೇ ಬಫರ್ ಮೂಲಕ ಶೀಲ್ಡ್‌ಗೂ ಕೊಟ್ಟರೆ ಎರಡರ ನಡುವೆ ವ್ಯತ್ಯಾಸವಿಲ್ಲ, ವ್ಯತ್ಯಾಸವಿಲ್ಲದಿದ್ದರೆ ಚಾರ್ಜ್ ಹರಿಯುವುದಿಲ್ಲ, ಕೇಬಲ್‌ನ 600 ಪಟ್ಟಿಯ ಲೆಕ್ಕದಿಂದ ಹೊರಗೆ ಬೀಳುತ್ತದೆ. ಆದರೆ ಆ ಭಾರ ಮಾಯವಾಗುವುದಿಲ್ಲ. ಶೀಲ್ಡನ್ನು ಏರಿಸಿ ಇಳಿಸುವ ಕೆಲಸ ಈಗ ಬಫರ್‌ನ ತಲೆಗೆ ಬಂತು. ಶೀಲ್ಡ್‌ಗೂ ಗೋಡೆ, ಪೈಪು, ನೆಲಕ್ಕೂ ನಡುವೆ ಇರುವ ಕೆಪಾಸಿಟೆನ್ಸ್ ಅದರ ಔಟ್‌ಪುಟ್ಟಿಗೆ ಲೋಡ್ ಆಗಿ ಕೂತಿತು. ಎಲ್‌ಎಂ358ರ ಡೇಟಾಶೀಟ್ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಯೂನಿಟಿ ಗೇನ್ ಬಫರ್ ಆಗಿ ಬಳಸಿದಾಗ ನೇರವಾಗಿ ತಡೆದುಕೊಳ್ಳುವುದು 50 ಪಿಕೋಫ್ಯಾರಡ್.

50 ದಾಟಿದರೆ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ಟ್ಯಾಂಕನ್ನೇ ತೆಗೆದುಕೊಳ್ಳಿ. ಒಬ್ಬರು ಟೆರೇಸ್ ಮೇಲೆ ನಿಂತು ನೀರು ನೋಡುತ್ತಿದ್ದಾರೆ, ಇನ್ನೊಬ್ಬರು ಕೆಳಗೆ ಮೋಟರ್ ಸ್ವಿಚ್ ಹತ್ತಿರ. ಮೇಲಿನವರು "ಸಾಕು" ಅಂದದ್ದು ಕೆಳಗಿನವರಿಗೆ ತಡವಾಗಿ ಕೇಳಿದರೆ ನೀರು ಉಕ್ಕಿ ಹರಿದಿರುತ್ತದೆ. ಆಪ್-ಆಂಪ್ ಕೂಡ ತನ್ನ ಔಟ್‌ಪುಟ್ಟನ್ನು ತಾನೇ ನೋಡಿಕೊಂಡು ತಿದ್ದಿಕೊಳ್ಳುತ್ತದೆ, ಫೀಡ್‌ಬ್ಯಾಕ್ ಅಂದರೆ ಅದೇ. ಔಟ್‌ಪುಟ್ಟಿನ ಒಳಗಿನ ರೆಸಿಸ್ಟೆನ್ಸ್ ಮೂಲಕ ಲೋಡ್ ಚಾರ್ಜ್ ಆಗಲು ಸಮಯ ಹಿಡಿದರೆ "ಸಾಕು" ಅನ್ನುವ ಸುದ್ದಿ ತಡವಾಗುತ್ತದೆ. ಅಷ್ಟರಲ್ಲಿ ಅದು ಗುರಿ ದಾಟಿರುತ್ತದೆ, ವಾಪಸ್ ಎಳೆಯುತ್ತದೆ, ಆಗಲೂ ತಡ, ಈ ಕಡೆಗೂ ದಾಟುತ್ತದೆ. ಫೇಸ್ ಮಾರ್ಜಿನ್ ಹೋಯಿತು ಅಂತ ಪುಸ್ತಕಗಳು ಹೇಳುವುದು ಇದನ್ನೇ. ನಿಮ್ಮ ರೀಡಿಂಗ್ ಕುಣಿಯುವುದೂ ಇದರಿಂದಲೇ ಇರಬೇಕು.

ಇದು ನನಗೆ ಅರ್ಥವಾದದ್ದು ತೀರಾ ತಡವಾಗಿ. ಬೆಂಚಿನ ಮೇಲೆ ಇದೇ ಐಸಿಯ ಒಂದು ಬಫರ್. ವೋಲ್ಟೇಜ್‌ನ ಅಲೆ ತೋರಿಸುವ ಆಸಿಲೋಸ್ಕೋಪ್‌ನ ಪ್ರೋಬ್ ಇಟ್ಟರೆ ಅಲೆ ಅಂಚಿನಲ್ಲಿ ನಡುಗುತ್ತಿತ್ತು. ಎರಡು ದಿನ ಮೂರು ಐಸಿ ಬದಲಾಯಿಸಿದೆ, ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ಸಪ್ಲೈಗೆ ಇನ್ನೊಂದು ಕೆಪಾಸಿಟರ್ ಸೇರಿಸಿದೆ. ಕೊನೆಗೆ ಪ್ರೋಬ್ ಹಿಡಿಯ ಮೇಲಿನ ಪುಟ್ಟ ಸ್ವಿಚ್ಚನ್ನು ಸುಮ್ಮನೆ 1ಎಕ್ಸ್‌ನಿಂದ 10ಎಕ್ಸ್‌ಗೆ ತಳ್ಳಿದೆ, ನಡುಕ ನಿಂತಿತು. 1ಎಕ್ಸ್‌ನಲ್ಲಿ ಪ್ರೋಬ್ ತನ್ನ ಕೇಬಲ್ ಸಮೇತ ಸುಮಾರು 100 ಪಿಕೋಫ್ಯಾರಡ್ ಹೊರಿಸುತ್ತದೆ, 10ಎಕ್ಸ್‌ನಲ್ಲಿ ಹತ್ತು ಹದಿನೈದು ಅಷ್ಟೇ. ನಾನು ಹುಡುಕುತ್ತಿದ್ದ ದೋಷವನ್ನು ನಾನೇ ಕೈಯಲ್ಲಿ ಹಿಡಿದುಕೊಂಡಿದ್ದೆ. ಅವತ್ತಿನಿಂದ 10ಎಕ್ಸ್ ಬಿಟ್ಟು ಬೇರೆಯದರಲ್ಲಿ ಇಂಥ ಸರ್ಕ್ಯೂಟ್ ಮುಟ್ಟುವುದಿಲ್ಲ.

ಬಫರ್ ಇಟ್ಟುಕೊಳ್ಳಲೇಬೇಕು ಅಂದರೆ ಅದರ ಔಟ್‌ಪುಟ್ಟಿಗೂ ಶೀಲ್ಡ್‌ಗೂ ನಡುವೆ 100 ಓಮ್ ಹಾಕಿ, ಫೀಡ್‌ಬ್ಯಾಕನ್ನು ಮಾತ್ರ ರೆಸಿಸ್ಟರ್‌ಗಿಂತ ಮೊದಲೇ, ಐಸಿಯ ಕಾಲಿನಿಂದಲೇ ತೆಗೆದುಕೊಳ್ಳಿ. ಆದರೆ ನಿಮ್ಮ ಕೆಲಸಕ್ಕೆ ಈ ದಾರಿ ನನಗೆ ಒಪ್ಪಿಗೆಯಿಲ್ಲ. ಎಲ್‌ಎಂ358 ನಿಧಾನದ ಐಸಿ, ಅದರ ಇನ್‌ಪುಟ್ ಎಳೆಯುವ ಹತ್ತಾರು ನ್ಯಾನೊಆಂಪಿಯರ್ ಕೂಡ 1 ಮೆಗಾ ಓಮ್ ಮೇಲೆ ಹತ್ತಾರು ಮಿಲಿವೋಲ್ಟ್ ತಪ್ಪು ತರುತ್ತದೆ.

ಅದರ ಬದಲು ಅಳೆಯುವ ಕೆಲಸವನ್ನು ಮೇಲೆಯೇ ಮುಗಿಸಿ. ಟ್ಯಾಂಕಿನ ಪಕ್ಕ ಒಂದು ಪುಟ್ಟ ಡಬ್ಬಿಯಲ್ಲಿ ಟಿಎಲ್‌ಸಿ555 ಅಥವಾ ಐಸಿಎಂ7555 ಟೈಮರ್ ಐಸಿ ಹಾಕಿ, ಪಟ್ಟಿಯ ಕೆಪಾಸಿಟೆನ್ಸ್‌ಗೆ ತಕ್ಕಂತೆ ಅದು ಹೊರಡಿಸುವ ಅಲೆಯ ವೇಗ ಬದಲಾಗುತ್ತದೆ. ಮಾಮೂಲಿ ಎನ್‌ಇ555 ಬೇಡ, ಇಷ್ಟು ದೊಡ್ಡ ರೆಸಿಸ್ಟರ್‌ಗಳ ಜೊತೆ ಅದರ ಇನ್‌ಪುಟ್ ಕರೆಂಟ್ ಲೆಕ್ಕ ಕೆಡಿಸುತ್ತದೆ. ಅಸ್ಟೇಬಲ್ (ತಾನೇ ಅಲೆ ಹೊರಡಿಸುವ) ಸರ್ಕ್ಯೂಟಿನ ಎರಡು ರೆಸಿಸ್ಟರೂ 330 ಕಿಲೋ ಓಮ್ ಇರಲಿ. ಒಂದು ಪಟ್ಟಿ ಗ್ರೌಂಡಿಗೆ, ಇನ್ನೊಂದು 2 ಮತ್ತು 6ನೇ ಪಿನ್ನಿಗೆ, ಅಲ್ಲಿಗೆ ಹೋಗುವ ವೈರ್ ಬೆರಳುದ್ದ ಮೀರಬಾರದು. ಖಾಲಿ ಇದ್ದಾಗ ಸುಮಾರು 72 ಕಿಲೋಹರ್ಟ್ಜ್, ತುಂಬಿದಾಗ 14ರ ಆಸುಪಾಸು ಬರುತ್ತದೆ. ಐಸಿಯ ಸಪ್ಲೈ ಕಾಲುಗಳಿಗೆ ಅಂಟಿಕೊಂಡಂತೆ 0.1 ಮೈಕ್ರೋಫ್ಯಾರಡ್, ಔಟ್‌ಪುಟ್ಟಿನಲ್ಲಿ 100 ಓಮ್. ಅಲ್ಲಿಂದ ಕೆಳಗೆ ಮೂರು ಎಳೆಯ ವೈರ್ ಸಾಕು: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಆರ್ಡುಯಿನೊ ಊನೊ ಆದರೆ ಸಿಗ್ನಲ್ಲನ್ನು 5ನೇ ಪಿನ್ನಿಗೆ ಕೊಟ್ಟು ಅದರೊಳಗಿನ ಕೌಂಟರ್ ಆದ ಟೈಮರ್-1ರಿಂದ ಅಲೆಗಳನ್ನು ಎಣಿಸಿ.

ಹೊಸ ವೈರಿನಲ್ಲೂ ಕೆಪಾಸಿಟೆನ್ಸ್ ಇದೆ, 600 ಅಂತಲೇ ಇಟ್ಟುಕೊಳ್ಳಿ. ಆದರೆ ಈಗ ಅದನ್ನು ತುಂಬುತ್ತಿರುವುದು 1 ಮೆಗಾ ಓಮ್ ಅಲ್ಲ, 100 ಓಮ್ ಚಿಲ್ಲರೆ. 600 ಪಿಕೋಫ್ಯಾರಡ್ ಗುಣಿಸು 100 ಓಮ್, 60 ನ್ಯಾನೊಸೆಕೆಂಡ್. 72 ಕಿಲೋಹರ್ಟ್ಜ್‌ನ ಒಂದು ಅಲೆಗೆ ಸುಮಾರು 14,000 ನ್ಯಾನೊಸೆಕೆಂಡ್. ನಿಮ್ಮ ಸೆನ್ಸರನ್ನು ಮುಳುಗಿಸಿದ ಅದೇ 600 ಇಲ್ಲಿ ಅಲೆಯ ಅಂಚನ್ನು ಒಂದು ಕೂದಲೆಳೆ ಮೊಂಡು ಮಾಡುತ್ತದೆ, ಎಣಿಕೆ ಬದಲಾಗುವುದಿಲ್ಲ.

ಇನ್ನೊಂದು ಮಾತು, ಮಳೆಗಾಲಕ್ಕೆ ಮುಂಚೆ. ಪಟ್ಟಿಯ ಮೇಲೆ ಹೊರಗಿನಿಂದ ನೀರು ಇಳಿದರೂ ಸೆನ್ಸರ್‌ಗೆ ಅದೂ ನೀರೇ. ಫಾಯಿಲ್ ಮೇಲೆ ದಪ್ಪನೆಯ ಥರ್ಮೋಕೋಲ್ ಹಾಳೆ ಇಟ್ಟು ಅಂಚಿನ ಸುತ್ತ ಸಿಲಿಕೋನ್ ಹಚ್ಚಿ. ಖಾಲಿ ಮತ್ತು ತುಂಬಿದ ರೀಡಿಂಗ್ ಗುರುತು ಹಾಕಿಕೊಳ್ಳುವುದು ಅದಾದ ಮೇಲೆ, ಮೊದಲೇ ಬೇಡ.