ಆರಂಭದ ರಾಕ್ ಅಂಡ್ ರೋಲ್ ಅಮೆರಿಕವನ್ನು ನಿಜಕ್ಕೂ ಬದಲಿಸಿತೇ?

ಬದಲಿಸಿತು. ಆದರೆ ಎಲ್ಲರೂ ಹೇಳುವ ಕೂದಲು, ಕುಣಿತಕ್ಕಿಂತ ದೊಡ್ಡ ಬದಲಾವಣೆ ಆದದ್ದು ರೇಡಿಯೋದಲ್ಲಿ ಅನ್ನಿಸುತ್ತದೆ.

ಆಗ, ಅಂದರೆ 1950ರ ಸುಮಾರಿಗೆ, ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರಿಗೂ ಬಿಳಿಯರಿಗೂ ಶಾಲೆ, ಬಸ್ಸಿನ ಸೀಟು ಎಲ್ಲವೂ ಬೇರೆ. ಹಾಡಿನ ಮಾರುಕಟ್ಟೆಯೂ ಬೇರೆಯೇ. 1949ರವರೆಗೆ ಬಿಲ್‌ಬೋರ್ಡ್ ಎಂಬ ಸಂಗೀತ ಪತ್ರಿಕೆ ಕಪ್ಪು ಜನರ ಹಾಡುಗಳ ಪಟ್ಟಿಯನ್ನು ‘ರೇಸ್ ರೆಕಾರ್ಡ್ಸ್’ (ಜನಾಂಗದ ರೆಕಾರ್ಡುಗಳು) ಎಂದೇ ಕರೆಯುತ್ತಿತ್ತು. ಆದರೆ ರೇಡಿಯೋಗೆ ಬೇಲಿ ಹಾಕೋದು ಹೇಗೆ? 1951ರಲ್ಲಿ ಕ್ಲೀವ್‌ಲ್ಯಾಂಡ್‌ನ ಅಲನ್ ಫ್ರೀಡ್ ಎಂಬ ಬಿಳಿಯ ನಿರೂಪಕ ರಾತ್ರಿ ಹೊತ್ತು ರೇಡಿಯೋದಲ್ಲಿ ರಿದಮ್ ಅಂಡ್ ಬ್ಲೂಸ್ ಹಾಕತೊಡಗಿದ. ರಾಕ್ ಅಂಡ್ ರೋಲ್ ಮುಖ್ಯವಾಗಿ ಹುಟ್ಟಿದ್ದೇ ಕಪ್ಪು ಜನರ ಈ ಸಂಗೀತದಿಂದ. ಬಿಳಿಯರ ಮಕ್ಕಳೂ ಕಿವಿಗೊಟ್ಟರು. ಮುಂದೆ ಕಾರ್ಯಕ್ರಮಗಳಲ್ಲಿ ಎರಡು ಗುಂಪಿನ ನಡುವೆ ಕಟ್ಟಿದ ಹಗ್ಗ ದಾಟಿ ಒಟ್ಟಿಗೆ ಕುಣಿದದ್ದೂ ಉಂಟು.

ಹಾಗಂತ ನ್ಯಾಯ ಸಿಕ್ಕಿತು ಅಂತಲ್ಲ. ಕಪ್ಪು ಗಾಯಕ ಲಿಟಲ್ ರಿಚರ್ಡ್‌ನ ‘ಟುಟ್ಟಿ ಫ್ರುಟ್ಟಿ’ ಹಾಡನ್ನು ಬಿಳಿಯ ಗಾಯಕ ಪ್ಯಾಟ್ ಬೂನ್ ಸಪ್ಪೆಯಾಗಿ ಹಾಡಿದ. ಪಾಪ್ ಪಟ್ಟಿಯಲ್ಲಿ ಮೂಲಕ್ಕಿಂತ ಮೇಲೇರಿದ್ದು ಅದೇ!

ಇನ್ನು ಹದಿಹರೆಯದವರು. ಎರಡನೇ ಮಹಾಯುದ್ಧದ ನಂತರ ಅವರ ಕೈಯಲ್ಲಿ ಕಾಸು ಓಡಾಡುತ್ತಿತ್ತು. ನಿಮಿಷಕ್ಕೆ 45 ಸುತ್ತು ತಿರುಗುವ ಅಗ್ಗದ ಪುಟ್ಟ ರೆಕಾರ್ಡು, 1954ರಲ್ಲಿ ಬಂದ ಟ್ರಾನ್ಸಿಸ್ಟರ್ ರೇಡಿಯೋ ಸೇರಿ, ಅಪ್ಪ ಅಮ್ಮನ ಹಂಗಿಲ್ಲದೆ ತಮ್ಮದೇ ಹಾಡು ಕೇಳುವ ಹಾಗಾಯಿತು. ದೊಡ್ಡವರಿಗೆ ಎಷ್ಟು ದಿಗಿಲೆಂದರೆ, 1957ರ ಜನವರಿಯಲ್ಲಿ ಎಡ್ ಸಲಿವನ್ ಶೋ ಎಂಬ ಟಿವಿ ಕಾರ್ಯಕ್ರಮ ಸೊಂಟ ಕುಣಿಸಿ ಹಾಡುವ ಗಾಯಕ ಎಲ್ವಿಸ್ ಪ್ರೀಸ್ಲಿಯನ್ನು ಸೊಂಟದಿಂದ ಮೇಲಷ್ಟೇ ತೋರಿಸಿತು.